ಅನಸೂಯಾ ಅಕ್ಕೋರ ಒದ್ದೆ ಬಟ್ಟೆ

ಅನಸೂಯಾ ಅಕ್ಕೋರ ನೆನಪಿನ ಪುಸ್ತಕಕ್ಕೆ ನಾಲ್ಕು ಪುಟ ಬರೆದುಕೊಡಬೇಕೆಂದು ಸ್ಮರಣ ಸಮಿತಿಯವರು ನನ್ನನ್ನು ಕೇಳಿದ್ದಾರೆ. ಸಮಿತಿಯಲ್ಲಿ ಹನ್ನೊಂದು ಜನ. ಹನ್ನೊಂದೂ ಜನ ಅಕ್ಕೋರ ಕೈಕೆಳಗೆ ಕಲಿತವರು, ಅವರಲ್ಲಿ ಇಬ್ಬರು ಪದವೀಧರರು. ಆದರೆ ಬರೆಯುವ ಮಾತು ಬಂದಾಗ ಒಬ್ಬರಿಗೆ ಕಣ್ಣು ಮಂಜು, ಒಬ್ಬರಿಗೆ ಕೈನಡುಕ, ಒಬ್ಬರಿಗೆ ಮಗಳ ಮದುವೆ. ಕೊನೆಗೆ ಅಧ್ಯಕ್ಷ ಉಳವಪ್ಪ ನನ್ನ ಕೆಲಸದ ಚಪ್ಪರಕ್ಕೆ ಬಂದು, "ಮೋನಪ್ಪಾ, ನೀನ ಬರಿ. ನಿಂದಂತೂ ಎಲ್ಲಾ ಊರಿಗೆ ಗೊತ್ತಾಗಿಬಿಟ್ಟೈತಿ, ಇನ್ನ ಹೋಗೂದೇನೈತಿ?" ಎಂದ. ಹೋಗುವಾಗ ಒಂದು ಪೆನ್ಸಿಲ್ ಇಟ್ಟುಹೋದ. ಪೆನ್ಸಿಲಾದರೆ ಮೆತ್ತಗೆ ಬರೆಯುತ್ತದೆ, ಏನಾದರೂ ಹೆಚ್ಚುಕಡಿಮೆಯಾದರೆ ನನ್ನ ಕೈಯಿಂದಲೇ ಬೇಗ ಒರೆಸಿಸಬಹುದು ಎಂಬುದು ಅವನ ಲೆಕ್ಕ.

ನಮ್ಮೂರಿನಲ್ಲಿ ಬರೆದದ್ದನ್ನು ಬರೆದ ಕೈಯೇ ಒರೆಸಬೇಕು. ಬೇರೆ ಯಾರು ಒರೆಸಿದರೂ ಹೋಗುವುದಿಲ್ಲ. ಸೀಮೆಸುಣ್ಣ, ಇದ್ದಿಲು, ಮಸಿ, ಎಲ್ಲದಕ್ಕೂ ಒಂದೇ ಕಾನೂನು. ಸುಣ್ಣ ಬಳಿದರೆ ಸುಣ್ಣದ ಮೇಲೆ ಬರುತ್ತದೆ. ನನ್ನ ಅಪ್ಪ ಒಮ್ಮೆ ಯಾರದೋ ಒತ್ತಾಯಕ್ಕೆ ಒಂದು ಬಾಗಿಲನ್ನು ಕೀಸುಳಿ ಹಾಕಿ ಹಾಕಿ ಹಪ್ಪಳದಷ್ಟು ತೆಳ್ಳಗೆ ಮಾಡಿದ್ದ. ಅಕ್ಷರ ಹಪ್ಪಳದ ಮೇಲೂ ಕೂತಿತ್ತು. ಸುಟ್ಟರೆ ಹೊಸ ಬಾಗಿಲಿನ ಮೇಲೆ ಬೆಳಗಾಗುವುದರೊಳಗೆ ಹಾಜರಾಗುತ್ತದೆ. ತೆಗೆದು ಮೂಲೆಗಿಟ್ಟರೆ ಮಾತ್ರ ತಂಟೆ ಮಾಡದೆ ಅಲ್ಲೇ ಇರುತ್ತದೆ. ಬರೆದವರು ಸತ್ತರೆ ಮುಗಿಯಿತು, ಆಮೇಲೆ ಅದು ಊರಿನ ಆಸ್ತಿ. ಹಣೆಬರಹ ಒರೆಸಲು ಬ್ರಹ್ಮನೇ ಬರಬೇಕು ಎಂಬುದು ಬೇರೆ ಊರುಗಳಲ್ಲಿ ಬೇಸರದ ಮಾತಂತೆ. ನಮ್ಮಲ್ಲಿ ಅದನ್ನು ಯಾರೂ ಬೇಸರದಿಂದ ಹೇಳುವುದಿಲ್ಲ; ಬರೆದವನು ಬರಬೇಕು, ಅದರಲ್ಲಿ ಹೊಸದೇನಿದೆ?

ಶಾಲೆಯ ಹಿಂದಿನ ಕೋಣೆಯಲ್ಲಿ ಒಂಬತ್ತು ಕರಿಹಲಗೆಗಳಿವೆ. ಎಲ್ಲವೂ ಒರೆಸದೆ ಹೋದ ಮಾಸ್ತರರವು. ಒಂದರಲ್ಲಿ "ಹಾಲು ಕೊಡುವ ಪ್ರಾಣಿಗಳು: ಆಕಳು, ಎಮ್ಮೆ," ಎಂದಿದೆ. ಮುಂದಿನ ಪ್ರಾಣಿ ಬರೆಯುವ ಮೊದಲೇ ಮಾಸ್ತರರಿಗೆ ಎದೆ ನೋವು ಬಂತು. ಆಡಿನ ಹೆಸರು ಸೇರಿಸಬೇಕೆಂದು ಆಡು ಸಾಕಿದವರು ಎರಡು ಸಲ ಅರ್ಜಿ ಕೊಟ್ಟಿದ್ದಾರೆ.

ಇಂಥ ಊರಿಗೆ ಅಕ್ಕೋರು ಬಂದಾಗ ಅವರಿಗೆ ಇಪ್ಪತ್ತೆರಡು, ನನಗೆ ಹತ್ತು. ಹೆಣ್ಣು ಮಾಸ್ತರರನ್ನು ನಮ್ಮ ಕಡೆ ಅಕ್ಕೋರು ಎನ್ನುತ್ತಾರೆ. ಹೊರಗಿನಿಂದ ಬಂದವರಾದ್ದರಿಂದ ಅವರಿಗೆ ಊರಿನ ರೀತಿ ಗೊತ್ತಿರಲಿಲ್ಲ. ಮೊದಲ ದಿನ ಹಲಗೆ ಒರೆಸಲು ನಮ್ಮಲ್ಲೊಬ್ಬನನ್ನು ಕರೆದರು. ಅವನು ಒರೆಸಿದ, ಹೋಗಲಿಲ್ಲ. ಇನ್ನೊಬ್ಬನನ್ನು ಕರೆದರು. ಆರನೆಯವನ ತನಕ ಬಂದಾಗ ಯಾರೋ ಹೇಳಿದರು. ಅಕ್ಕೋರು ತಾವೇ ಒರೆಸಿದರು, ಹೋಯಿತು. ಸ್ವಲ್ಪ ಹೊತ್ತು ತಮ್ಮ ಕೈಯನ್ನು ನೋಡಿಕೊಂಡು ನಿಂತರು. ಆಮೇಲೆ ಪಾಠ ಮುಂದುವರಿಸಿದರು.

ಆ ವರ್ಷದ ಕೊನೆಗೆ ಸಾಹೇಬರ ತಪಾಸಣೆ ಇತ್ತು. ಹೆಡ್‌ಮಾಸ್ತರರು ಒಂದೇ ಸಂಜೆಯಲ್ಲಿ ಮೂವತ್ತೊಂದು ಮಕ್ಕಳ ಬಗ್ಗೆ ದಾಖಲೆ ಪುಸ್ತಕದಲ್ಲಿ ಷರಾ ಬರೆಯಲು ಅಕ್ಕೋರಿಗೆ ಹೇಳಿದರು. ನನ್ನ ಹೆಸರು ಕೊನೆಯ ಕಡೆ ಬರುತ್ತದೆ. ನಾನು ಪಾಠದ ಹೊತ್ತಿನಲ್ಲಿ ಪಾಟಿಯ ಮೇಲೆ ಬಾಗಿಲು ತಿರುಗುವ ಬಿಜಾಗ್ರಿಯ ಚಿತ್ರ ಬರೆದು ಕೂರುವ ಹುಡುಗ. ಮಗ್ಗಿ ಕೇಳಿದರೆ ಏಳರ ನಂತರ ಮೌನ. ಅಕ್ಕೋರು ಬರೆದರು: "ಮೋನಪ್ಪ ಬಡಿಗೇರ. ಈ ಹುಡುಗನಿಗೆ ವಿದ್ಯೆ ಹತ್ತುವುದಿಲ್ಲ. ಮುಂದೆ ಓದಿಸಿ ಪ್ರಯೋಜನವಿಲ್ಲ." ಹೆಡ್‌ಮಾಸ್ತರರು ಅಪ್ಪನನ್ನು ಕರೆಸಿ ಅದನ್ನು ಓದಿ ಹೇಳಿದರು. ಮಸಿಯಲ್ಲಿ ಬರೆದದ್ದು ಎಂದೂ ಹೇಳಿದರು. ಅಪ್ಪ ನನ್ನ ಕೈಹಿಡಿದು ಮನೆಗೆ ಕರೆತಂದು ಕೀಸುಳಿ ಕೊಟ್ಟ. ದಾರಿಯಲ್ಲಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಜೂನ್ ತಿಂಗಳಲ್ಲಿ ನಾನು ಶಾಲೆಗೆ ಬರಲಿಲ್ಲವೆಂದು ಅಕ್ಕೋರಿಗೆ ತಿಳಿಯಿತು. ಷರಾ ಒರೆಸುತ್ತೇನೆಂದು ಹೆಡ್‌ಮಾಸ್ತರರ ಹತ್ತಿರ ಹೋದರು. ಸಾಹೇಬರ ರುಜು ಬಿದ್ದ ಪುಸ್ತಕ ಮುಟ್ಟುವ ಹಾಗಿಲ್ಲ ಎಂದು ಅವರು ಕಪಾಟಿಗೆ ಬೀಗ ಹಾಕಿದರು. ಮುಂದೆ ಅವರಿಗೆ ವರ್ಗವಾಯಿತು, ಬೀಗದ ಕೈ ಅವರ ಜೇಬಿನಲ್ಲೇ ಹೋಯಿತು, ಕಪಾಟಿನ ಮುಂದೆ ಹಲಗೆಗಳು ಬಂದು ನಿಂತವು. ಇದೆಲ್ಲ ನನಗೆ ಆಗ ಗೊತ್ತಿರಲಿಲ್ಲ. ನನಗೆ ಗೊತ್ತಿದ್ದದ್ದು ಅವರು ಬರೆದದ್ದು ಮಾತ್ರ.

ಆ ಜೂನ್‌ನಿಂದ ಅಕ್ಕೋರು ಪಾಠದ ಕ್ರಮವನ್ನೇ ಬದಲಿಸಿದರು. ಒಂದನೇ ಇಯತ್ತೆಗೆ ಬಂದ ಮಗು ಮೊದಲ ತಿಂಗಳು ಅಕ್ಷರ ಕಲಿಯುವುದಿಲ್ಲ, ಒರೆಸುವುದನ್ನು ಕಲಿಯುತ್ತದೆ. ಒಂದು ಗೆರೆ ಎಳೆ, ಒರೆಸು. ಒಂದು ಸೊನ್ನೆ ಬರೆ, ಒರೆಸು. ತಂದೆತಾಯಿಗಳು ಬಂದು ಜಗಳ ತೆಗೆದರು. "ಬರಿಯೂದು ಯಾರರ ಕಲಸ್ತಾರ," ಎಂದರು ಅಕ್ಕೋರು. "ಮದಲ ಕೈಗೆ ಒರಸೂ ರೂಢಿ ಆಗಲಿ." ಐವತ್ತು ವರ್ಷದಿಂದ ನಮ್ಮೂರಿನ ಮಕ್ಕಳು ಅ ಆ ಇ ಈ ಕಲಿಯುವುದು ಜುಲೈ ತಿಂಗಳಲ್ಲಿ.

ಶಾಲೆ ಬಿಟ್ಟ ಮೇಲೆ ಅವರ ಇನ್ನೊಂದು ಕೆಲಸ ಶುರುವಾಗುತ್ತಿತ್ತು. ಯಾರಾದರೂ ಹಾಸಿಗೆ ಹಿಡಿದಿದ್ದಾರೆಂದು ತಿಳಿದರೆ ಒಂದು ಹಿತ್ತಾಳೆ ತಂಬಿಗೆ, ಅದರಲ್ಲಿ ನೀರು, ನೀರಿನಲ್ಲಿ ಒಂದು ಬಿಳಿ ಬಟ್ಟೆ ತೆಗೆದುಕೊಂಡು ಹೋಗಿ ಹಾಸಿಗೆಯ ಪಕ್ಕ ಕೂರುತ್ತಿದ್ದರು. ಗಂಜಿ ಕುಡಿದರಾ, ನಿದ್ದೆ ಬಂತಾ ಎಂದು ವಿಚಾರಿಸಿ ಆಮೇಲೆ ಒಂದೇ ಪ್ರಶ್ನೆ: "ಏನರ ಒರಸೂದು ಉಳದದೇನ್ರಿ?" ಊರಿನ ಜನ ಮೊದಮೊದಲು ಇದನ್ನು ಅಪಶಕುನ ಎಂದರು. ತಂಬಿಗೆ ಕಂಡರೆ ಬಾಗಿಲು ಹಾಕಿಕೊಂಡರು. ಆದರೆ ಒರೆಸುವುದು ಉಳಿಯದವರು ಯಾರಿದ್ದಾರೆ? ಎರಡು ವರ್ಷದಲ್ಲಿ ಜನರೇ ಕರೆಕಳಿಸತೊಡಗಿದರು.

ತೊಂದರೆ ಇದ್ದದ್ದು ಸಾಗಾಟದ್ದು. ಸಾಯುವವರು ಒಂದು ಕಡೆ, ಅವರು ಬರೆದದ್ದು ಇನ್ನೊಂದು ಕಡೆ. ಸಾಮಾನ್ಯವಾಗಿ ಬೇರೆಯವರ ಬಾಗಿಲ ಮೇಲೆ. ನನಗೆ ಹತ್ತೊಂಬತ್ತಾದಾಗ ಅಕ್ಕೋರು ಚಪ್ಪರಕ್ಕೆ ಬಂದು, "ಬಾಗಲಾ ಬಿಚ್ಚಿ ತರಾಕ ಒಬ್ಬ ಬೇಕಾಗ್ಯಾನ," ಎಂದರು. ನನ್ನ ಮುಖ ನೋಡಲಿಲ್ಲ, ಕೀಸುಳಿಯ ಕಡೆ ನೋಡುತ್ತಾ ಹೇಳಿದರು. ನಾನೂ ಕೀಸುಳಿಯನ್ನೇ ನೋಡುತ್ತಾ ಆಗಲಿ ಎಂದೆ. ಅಂದಿನಿಂದ ನಲವತ್ತಮೂರು ವರ್ಷ ನಾನು ಈ ಊರಿನ ಬಾಗಿಲುಗಳನ್ನು ಬಿಚ್ಚಿ, ತಲೆಯ ಮೇಲೆ ಹೊತ್ತು, ಮಂಚದ ಪಕ್ಕ ನಿಲ್ಲಿಸಿ, ಒರೆಸಿಯಾದ ಮೇಲೆ ತಿರುಗಿ ಹೊತ್ತು ತಂದು ಕೂರಿಸಿದ್ದೇನೆ. ಬೀದಿಯಲ್ಲಿ ಬಾಗಿಲು ಹೋಗುತ್ತಿದ್ದರೆ ಜನ ಟೋಪಿ ತೆಗೆದು ನಿಲ್ಲುತ್ತಾರೆ.

ಸಂಕವ್ವನ ಬಾಗಿಲು ಎಲ್ಲರಿಗೂ ನೆನಪಿರಬೇಕು. ಆಕೆ ತನ್ನ ನೆಗೆಣ್ಣಿಯ, ಅಂದರೆ ಓರಗಿತ್ತಿಯ, ಬಾಗಿಲ ಮೇಲೆ ಇದ್ದಿಲಿನಿಂದ "ಈ ಮನೆ ಹಾಳಾಗಲಿ" ಎಂದು ಬರೆದು ಮೂವತ್ತು ವರ್ಷವಾಗಿತ್ತು. ಸಾಯುವ ಹೊತ್ತಿಗೆ ಒರೆಸುತ್ತೇನೆ ಎಂದಳು. ನಾನು ಬಾಗಿಲು ಬಿಚ್ಚಲು ಹೋದರೆ ನೆಗೆಣ್ಣಿ ಅಡ್ಡ ನಿಂತಳು. "ಅದನ್ನ ಬರದಾಗಿಂದ ನಮ್ಮನಿ ಚಲೋ ಆಗೇತ್ರಿ. ಎರಡ ಎಮ್ಮಿ ಇದ್ದಾವ ಹನ್ನೊಂದ ಆದವು, ಮಗಾ ಪಾಸಾದ. ನಾ ಒರಸಗೊಡೂದಿಲ್ಲ," ಎಂದಳು. ಅಕ್ಕೋರು ಅವಳ ಕಟ್ಟೆಯ ಮೇಲೆ ಎರಡು ತಾಸು ಕೂತರು. ಕೊನೆಗೆ ನೆಗೆಣ್ಣಿ ಬಾಗಿಲಿನ ಜೊತೆ ತಾನೂ ಬಂದಳು. ಸಂಕವ್ವ ಒರೆಸಿದಳು. ಇಬ್ಬರೂ ಅತ್ತರು. ಬಾಗಿಲು ಮನೆಗೆ ಬಂದ ಮರುದಿನವೇ ಒಂದು ಎಮ್ಮೆ ಈದಿತು, ಹಾಗಾಗಿ ಯಾರೂ ಏನೂ ಅನ್ನಲಿಲ್ಲ.

ಎಲ್ಲರೂ ಒರೆಸಲೇಬೇಕೆಂದು ಅಕ್ಕೋರು ಹಟ ಹಿಡಿದವರಲ್ಲ. ನೀರಿನ ಟಾಕಿಯ ಮೇಲೆ ಯಾವನೋ ಹುಡುಗ ಹಿಂದೆಂದೋ ಸುಣ್ಣದಲ್ಲಿ "ರುಕ್ಮಿಣಿ" ಎಂದು ಆನೆ ಗಾತ್ರದಲ್ಲಿ ಬರೆದಿದ್ದ. ಊರಲ್ಲಿ ಮೂವರು ರುಕ್ಮಿಣಿಯರು. ಬರೆದವನು ಎಪ್ಪತ್ತೆಂಟರ ವಯಸ್ಸಿನಲ್ಲಿ ಹಾಸಿಗೆ ಹಿಡಿದಾಗ ಅವನನ್ನು ಮಂಚದ ಸಮೇತ ಹಗ್ಗ ಕಟ್ಟಿ ಮೇಲೆ ಎಳೆದೆವು. ಕೆಳಗೆ ಮೂವರೂ ರುಕ್ಮಿಣಿಯರ ಗಂಡಂದಿರು ಕೈಕಟ್ಟಿ ನಿಂತಿದ್ದರು. ಬಟ್ಟೆ ಕೊಟ್ಟರೆ ಆತ ತೆಗೆದುಕೊಳ್ಳಲಿಲ್ಲ. "ಒರಸಾಕ ಬಂದಿಲ್ಲ ಅಕ್ಕೋರ. ಇನ್ನೊಮ್ಮೆ ನೋಡಾಕ ಬಂದೇನಿ," ಎಂದ. ಅಕ್ಕೋರು ಕೆಳಗಿಳಿಸಿರಿ ಎಂದರು. ದಾರಿಯಲ್ಲಿ ನನಗೆ ಹೇಳಿದರು, "ಒರಸೂದು ಬಿಡೂದು ಅವರವರ ಕೈಯಾಗಿಂದು. ಕೇಳೂದಷ್ಟ ನಮ್ಮ ಕೆಲಸ."

ಕೈ ಎಂದರೆ ಮನಸ್ಸಿರುವ ಕೈ. ಎಚ್ಚರ ತಪ್ಪಿದವರ ಕೈಹಿಡಿದು ಉಜ್ಜಿದರೆ ಏನೂ ಆಗುವುದಿಲ್ಲ, ನಾವು ನೋಡಿದ್ದೇವೆ. ಎಚ್ಚರ ತಪ್ಪುವ ಮೊದಲೇ ಮುಟ್ಟಬೇಕೆಂದು ಅಕ್ಕೋರು ಯಾವಾಗಲೂ ಜೋರಾಗಿ ನಡೆಯುತ್ತಿದ್ದರು.

ಈಗ ನನ್ನ ವಿಷಯ ಹೇಳಬೇಕು. ನನಗೆ ಇಪ್ಪತ್ತೈದಾದಾಗ ಅಕ್ಕೋರೇ ಹೆಡ್‌ಮಾಸ್ತರರಾದರು. ಮೊದಲ ಕೆಲಸವಾಗಿ ಹಲಗೆಗಳನ್ನು ಸರಿಸಿಸಿ, ಹಿಂದಿನ ಕೋಣೆಯ ಕಪಾಟು ತೆಗೆಯಲು ನನಗೆ ಹೇಳಿಕಳಿಸಿದರು. ಬೀಗ ತುಕ್ಕು ಹಿಡಿದು ಕಪಾಟಿನ ಜೊತೆ ಒಂದಾಗಿತ್ತು. ಬಿಜಾಗ್ರಿ ಕಡೆಯಿಂದ ಬಿಚ್ಚಿದೆ. ಅಕ್ಕೋರು ತರಗತಿಯಲ್ಲಿದ್ದರು. ಒಳಗೆ ಪುಸ್ತಕಗಳಿದ್ದವು, ಬೆನ್ನಿನ ಮೇಲೆ ವರ್ಷ ಬರೆದಿತ್ತು. ನನ್ನ ವರ್ಷದ್ದನ್ನು ತೆಗೆದೆ. ನನ್ನ ಹೆಸರು ಹುಡುಕಿದೆ. ಓದಿದೆ. ಹದಿನೈದು ವರ್ಷ ಅದನ್ನು ಕಿವಿಯಲ್ಲಿ ಇಟ್ಟುಕೊಂಡಿದ್ದೆ, ಕಣ್ಣಲ್ಲಿ ನೋಡಿದ್ದು ಅದೇ ಮೊದಲು. ಅಕ್ಷರ ದುಂಡಗಿದ್ದವು. ನನಗೆ ಬಹಳ ಸಿಟ್ಟು ಬಂತು. ಪುಸ್ತಕವನ್ನು ಹತ್ಯಾರದ ಚೀಲಕ್ಕೆ ಹಾಕಿಕೊಂಡು, ಕಪಾಟಿಗೆ ಹೊಸ ಬಿಜಾಗ್ರಿ ಕೂರಿಸಿ, ಮನೆಗೆ ಬಂದೆ.

ಮಧ್ಯಾಹ್ನ ಅಕ್ಕೋರು ಕಪಾಟನ್ನು ಮೂರು ಸಲ ಖಾಲಿ ಮಾಡಿ ಮೂರು ಸಲ ತುಂಬಿದರಂತೆ. ಸಂಜೆ ಚಪ್ಪರಕ್ಕೆ ಬಂದರು. "ಮೋನಪ್ಪಾ, ಅಲ್ಲೆ ಒಂದ ಹಳೇ ಪುಸ್ತಕ ಇತ್ತೇನು?" ಎಂದರು.

"ನಾ ಬಿಜಾಗ್ರಿ ಅಷ್ಟ ನೋಡಿದ್ನಿರಿ," ಎಂದೆ.

ಅವರು ಬಹಳ ಹೊತ್ತು ಹೋಗಲಿಲ್ಲ. ನನ್ನ ಹೆಂಡತಿ ನೀಲವ್ವ ಚಹಾ ಕೊಟ್ಟಳು. ಅವರು ಕುಡಿದು, "ಅದರಾಗ ನಂದೊಂದ ಒರಸೂದು ಅದ. ಅದನ್ನ ಇಟಗೊಂಡು ಸುಮ್ಮ ಕೂಡಾಕ ನನಗೇನ ಹಕ್ಕದ? ಅದು ಸಿಗೂತನಕ ತಂಬಿಗಿ ಕೆಳಗ ಇಡೂದಿಲ್ಲ. ಅದನ್ನ ಒರಸಿದ ದಿನಾ ನಾ ಸುಮ್ಮ ಮನ್ಯಾಗ ಕೂಡತೀನಿ," ಎಂದರು. ಏನು ಬರೆದಿದ್ದೇನೆ, ಯಾರ ಬಗ್ಗೆ ಎಂದು ಹೇಳಲಿಲ್ಲ. ನಾನು ಕೇಳಲಿಲ್ಲ.

ಅಂದಿನಿಂದ ಪ್ರತಿ ಭಾನುವಾರ ಬೆಳಿಗ್ಗೆ ಅವರು ಚಪ್ಪರಕ್ಕೆ ಬರತೊಡಗಿದರು. ಈ ವಾರ ಯಾರ ಕಪಾಟು ಬಿಚ್ಚಿದೆ, ಯಾರ ಅಟ್ಟ ಏರಿದೆ, ಹಳೆಯ ಪುಸ್ತಕ ಏನಾದರೂ ಕಂಡಿತೇ ಎಂದು ಕೇಳುವರು. ನಾನು ಇಲ್ಲ ಎನ್ನುವೆ. ಆಮೇಲೆ ಬೆಂಚಿನ ಮೇಲೆ ಕೂತು ಚಹಾ ಕುಡಿಯುವರು, ಊರಿನ ಸುದ್ದಿ ಹೇಳುವರು. ನಾನು ಕೀಸುಳಿ ಹಾಕುತ್ತಾ ಕೇಳುವೆ. ಏಳರ ಮುಂದಿನ ಮಗ್ಗಿ ನನಗೆ ಬಂದದ್ದು ಹಾಗೆ, ಹಲಗೆಯ ಅಳತೆ ಹೇಳಿ ಹೇಳಿ ಅವರೇ ಕಲಿಸಿಬಿಟ್ಟರು. ಪುಸ್ತಕ ಅವರು ಕೂರುತ್ತಿದ್ದ ಬೆಂಚಿನಿಂದ ನಾಲ್ಕು ಮೊಳ ದೂರ, ಸಾಗವಾನಿ ಹಲಗೆಗಳ ಕೆಳಗಿತ್ತು.

ಮೊದಲ ಎರಡು ವರ್ಷ ಸಿಟ್ಟಿನಿಂದ ಇಟ್ಟುಕೊಂಡೆ. ಆಮೇಲೆ ಒಂದೆರಡು ವರ್ಷ, ಕೊಟ್ಟರೆ ಕದ್ದದ್ದು ಗೊತ್ತಾಗುತ್ತದಲ್ಲ ಎಂಬ ನಾಚಿಕೆಯಿಂದ ಇಟ್ಟುಕೊಂಡೆ. ಆಮೇಲೆ ಒಂದು ಒಳ್ಳೆಯ ಕಾರಣ ಹೊಳೆಯಿತು. ಇದನ್ನು ಕೊಟ್ಟರೆ ಅಕ್ಕೋರು ಒರೆಸಿ ಮನೆಯಲ್ಲಿ ಕೂರುತ್ತಾರೆ. ಊರಿನ ಗತಿ ಏನು? ಸಾಯುವವರನ್ನು ಕೇಳುವವರು ಯಾರು? ಹೀಗೆ ಸಮಾಜಸೇವೆಯ ದೃಷ್ಟಿಯಿಂದ ಮೂವತ್ತಮೂರು ವರ್ಷ ಇಟ್ಟುಕೊಂಡೆ. ನೀಲವ್ವ ಒಮ್ಮೆ, "ಕಳ್ಳತನಕ್ಕ ಕುಂಕುಮಾ ಹಚ್ಚಬ್ಯಾಡ್ರಿ," ಎಂದಳು. ನಿಜ ಹೇಳಬೇಕೆಂದರೆ ಊರಿನ ಗತಿಯ ಚಿಂತೆ ನನಗೆ ಅಷ್ಟೇನೂ ಇರಲಿಲ್ಲ. ಭಾನುವಾರ ಅವರು ಬರುವುದು ನಿಂತುಬಿಟ್ಟರೆ ಎಂಬ ಹೆದರಿಕೆ ಇತ್ತು.

ಹೋದ ಮಾಘದಲ್ಲಿ ಒಂದು ಭಾನುವಾರ ಅವರು ಬರಲಿಲ್ಲ. ಅವರ ಪಕ್ಕದ ಮನೆಯ ಹಜರತಬಿ ಬಂದಳು. ಆಕೆಯೂ ಅಕ್ಕೋರ ವಿದ್ಯಾರ್ಥಿನಿ, ದವಾಖಾನೆಯಲ್ಲಿ ನರ್ಸು. "ಅಕ್ಕೋರಿಗೆ ಲಕ್ವಾ ಹೊಡದು ಎಡಗಡೆ ಬಿದ್ದುಹೋಗೇತಿ ಕಾಕಾ. ಬಲಗೈ ಇನ್ನಾ ಆಡ್ತೈತಿ. ಎರಡ ದಿನ ಅಂತ ಡಾಕ್ಟರ್ ಹೇಳ್ಯಾರ," ಎಂದಳು.

ನಾನು ಹೋಗಿ ಹಾಸಿಗೆಯ ಪಕ್ಕ ಕೂತೆ. ಶಾಲೆಯ ಎದುರಿನ ಒಂದೇ ಕೋಣೆಯ ಮನೆ ಅದು. ಗೋಡೆಯ ಮೇಲೆ ಒಂದು ಅಕ್ಷರವಿಲ್ಲ, ಕ್ಯಾಲೆಂಡರಿನಲ್ಲಿ ಹಾಲಿನ ಗುರುತೂ ಇಲ್ಲ. ಕೊನೆಯ ಹತ್ತು ವರ್ಷ ಅವರು ಏನನ್ನೂ ಬರೆಯುತ್ತಿರಲಿಲ್ಲ, ಒರೆಸುವುದು ಉಳಿದೀತೆಂದು. ತಂಬಿಗೆ ಕಿಟಕಿಯಲ್ಲಿತ್ತು.

ಅವರು ನನ್ನನ್ನೇ ನೋಡುತ್ತಿದ್ದರು. "ಕೇಳೋ," ಎಂದರು.

"ಏನ್ರಿ?"

"ಎಲ್ಲಾರ್ನೂ ಕೇಳೀವಿ. ನನ್ನ ಯಾರ ಕೇಳಬೇಕು?"

ಕೇಳಿದೆ: "ಏನರ ಒರಸೂದು ಉಳದದೇನ್ರಿ, ಅಕ್ಕೋರ?"

"ಒಂದದ," ಎಂದರು. "ಆದರ ಅದು ಸಿಗಲಿಲ್ಲ. ಹೋಗ್ಲಿ ಬಿಡು, ನೀ ಕೇಳಿದೆಲ್ಲಾ." ಆಮೇಲೆ ಗೋಡೆಯ ಕಡೆ ತಿರುಗಿಕೊಂಡರು. ಅವರ ಬಲಗೈ ಚಾದರದ ಮೇಲೆ ಅತ್ತ ಇತ್ತ ಹೋಗುತ್ತಿತ್ತು, ಏನನ್ನೋ ಒರೆಸುವಂತೆ. ಹಜರತಬಿ ಅದನ್ನು ಹಿಡಿದು ಸುಮ್ಮನಿರಿಸಿದಳು.

ಮನೆಗೆ ಬಂದು ಒಂದು ಹಲಗೆಗೆ ಕೀಸುಳಿ ಹಾಕತೊಡಗಿದೆ. ಯಾರೂ ಹೇಳದ ಹಲಗೆ. ನೀಲವ್ವ ಹೊಸ್ತಿಲಲ್ಲಿ ನಿಂತು ನೋಡಿದಳು. "ಕೊಟ್ಟು ಬರ್ರಿ," ಎಂದಳು.

"ನಾ ಕಳ್ಳ ಅಂತ ತಿಳಕೊಂಡು ಸಾಯಬೇಕೇನ ಅವರು? ನಲವತ್ತಮೂರು ವರ್ಷ ನನ್ನ ನಂಬ್ಯಾರ."

"ನಿಮ್ಮ ಮರ್ಯಾದಿ ಉಳಿಯೂ ಸಲುವಾಗಿ ಅವರು ಕೈ ಆಡಿಸಿಕೋತ ಸಾಯಬೇಕೇನ?"

ನಾನು ಕೀಸುಳಿ ಕೆಳಗಿಟ್ಟೆ. ನೀಲವ್ವನಿಗೆ ಇನ್ನೊಂದು ವಿಷಯವೂ ಗೊತ್ತಿತ್ತು, ಅದನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ, ನಾನೇ ಹೇಳುತ್ತೇನೆ. ಅಕ್ಕೋರು ತಮ್ಮ ಕೈಯಾರೆ ನನ್ನ ಬಗ್ಗೆ ಬರೆದದ್ದು ಜಗತ್ತಿನಲ್ಲಿ ಅದೊಂದೇ. ಕೆಟ್ಟದ್ದೇ ಇರಲಿ, ನನ್ನ ಹೆಸರು ಅವರ ದುಂಡಕ್ಷರದಲ್ಲಿತ್ತು. ವರ್ಷಕ್ಕೆ ಒಂದೆರಡು ಸಲ ಹಲಗೆ ಸರಿಸಿ ನೋಡುತ್ತಿದ್ದೆ.

ಮರುದಿನ ಮಧ್ಯಾಹ್ನ ಪುಸ್ತಕವನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಹೋದೆ. ಅಕ್ಕೋರಿಗೆ ಎಚ್ಚರವಿತ್ತು, ದಿಂಬಿಗೆ ಒರಗಿದ್ದರು. ಪುಸ್ತಕವನ್ನು ಅವರ ತೊಡೆಯ ಮೇಲಿಟ್ಟೆ. ಅವರು ಬೆನ್ನಿನ ಮೇಲಿನ ವರ್ಷ ಓದಿದರು. ನನ್ನ ಮುಖ ನೋಡಿದರು. ದಾರಿಯುದ್ದಕ್ಕೂ ನಾನೊಂದು ಕಥೆ ಕಟ್ಟಿಕೊಂಡು ಬಂದಿದ್ದೆ: ಹಳೆಯ ಹೆಡ್‌ಮಾಸ್ತರರ ಮನೆ, ಅಟ್ಟ, ಇಲಿ ಇತ್ಯಾದಿ. ಅವರು ಪುಸ್ತಕ ಎತ್ತಿ ಮೂಗಿನ ಹತ್ತಿರ ಹಿಡಿದರು.

"ಸಾಗವಾನಿ ವಾಸನಿ ಬರ್ತದಲ್ಲೋ," ಎಂದರು.

ಕಥೆ ಅಲ್ಲಿಗೆ ಮುಗಿಯಿತು.

"ಎಷ್ಟ ವರ್ಷ?"

"ಮೂವತ್ತೇಳ್ರಿ."

"ನಾ ಕೂಡತಿದ್ದ ಬೆಂಚಿನ ಹತ್ರಾನ?"

"ನಾಲ್ಕ ಮೊಳ ದೂರರಿ."

ಅವರಿಗೆ ಸಿಟ್ಟು ಬಂತು. ಪುಸ್ತಕಗಳಲ್ಲಿ ಬರೆಯುತ್ತಾರಲ್ಲ, ಸಾಯುವವರು ಮುಗುಳ್ನಕ್ಕು ಕ್ಷಮಿಸಿದರು ಎಂದು, ಹಾಗೇನೂ ಆಗಲಿಲ್ಲ. ಮುಖ ಕೆಂಪಾಗಿ ಉಸಿರು ಮೇಲಕ್ಕೆ ಹತ್ತಿತು. ಹಜರತಬಿ ಓಡಿ ಬಂದಳು. "ಮೂವತ್ತೇಳ ವರ್ಷ!" ಎಂದರು ಅಕ್ಕೋರು. "ಯಾರ್ಯಾರ ಅಟ್ಟಾ ಏರೀನಿ ನಾನು! ಬಿದ್ದು ಕಾಲ ಮುರಕೊಂಡೆ! ನೀನ ಬಂದು ಎತಗೊಂಡು ಹೋದಿ!"

"ಹೌದ್ರಿ."

"ಯಾಕಿಟಗೊಂಡಿ?"

ಸಮಾಜಸೇವೆಯ ಕಾರಣ ಬಾಯಿಗೆ ಬಂತು. ನುಂಗಿಕೊಂಡೆ. "ಒರಸಿದ ಮ್ಯಾಲ ಮನ್ಯಾಗ ಕೂಡತೀನಿ ಅಂದಿದ್ರಿ. ಐತಾರ ಬರೂದು ಬಿಡತೀರಿ ಅಂತ ಇಟಗೊಂಡ್ನಿರಿ," ಎಂದೆ.

ಅಕ್ಕೋರ ಉಸಿರು ನಿಧಾನಕ್ಕೆ ಕೆಳಗಿಳಿಯಿತು. ಕಿಟಕಿಯ ಕೆಳಗೆ ನಾನೇ ಮಾಡಿಕೊಟ್ಟ ಬೆಂಚಿತ್ತು. ಅದರ ಕಡೆ ಬೆರಳು ತೋರಿಸಿದರು.

"ಬೆಂಚಿನ ಮ್ಯಾಲ ನಿಂದ್ರು."

ನನಗೆ ಅರವತ್ತೆರಡು ವಯಸ್ಸು, ಎರಡು ಮೊಮ್ಮಕ್ಕಳು. ಚಪ್ಪಲಿ ಹೊರಗೆ ಬಿಟ್ಟು ಬಂದಿದ್ದೆ, ಹಾಗಾಗಿ ತಡವಾಗಲಿಲ್ಲ. ಹತ್ತಿ ಕೈಕಟ್ಟಿ ನಿಂತೆ.

"ಗಂಟಿ ಹೊಡಿಯೂತನಕ ಇಳೀಬ್ಯಾಡ," ಎಂದರು. ಎದುರಿನ ಶಾಲೆ ಬಿಡುವ ಗಂಟೆ ಐದಕ್ಕೆ. ಗೋಡೆ ಗಡಿಯಾರದಲ್ಲಿ ನಾಲ್ಕು ದಾಟಿತ್ತು.

ಹಜರತಬಿ ತಂಬಿಗೆಯಿಂದ ಬಟ್ಟೆ ತೆಗೆದು ಹಿಂಡಿ ಅವರ ಬಲಗೈಗೆ ಕೊಟ್ಟಳು, ಪುಟ ತೆಗೆದು ಹಿಡಿದಳು. ಅಕ್ಕೋರು ಒರೆಸತೊಡಗಿದರು. ಒಂದು ಅಕ್ಷರ, ಸ್ವಲ್ಪ ವಿಶ್ರಾಂತಿ, ಇನ್ನೊಂದು ಅಕ್ಷರ. ಹಜರತಬಿ ಮಣಿಕಟ್ಟು ಹಿಡಿಯಲು ಹೋದಳು, ಅವರು ಬೇಡವೆಂದರು. ಐವತ್ತೆರಡು ವರ್ಷದ ಮಸಿ, ಒದ್ದೆ ಬಟ್ಟೆಗೆ ಇಷ್ಟಿಷ್ಟೇ ಹತ್ತಿತು. ನಾನು ಮೇಲಿನಿಂದ ನೋಡುತ್ತಿದ್ದೆ. ಎದೆಯೊಳಗೆ ಏನೋ ಹಗುರವಾಗುತ್ತದೆ ಎಂದು ಊರಲ್ಲಿ ಹೇಳುತ್ತಾರೆ. ನನಗೆ ಮೊಣಕಾಲು ನೋಯುತ್ತಿತ್ತು. ಆದರೂ ಕಣ್ಣಲ್ಲಿ ನೀರು ಬಂತು, ಕೈಕಟ್ಟಿದ್ದರಿಂದ ಒರೆಸಿಕೊಳ್ಳಲಿಲ್ಲ.

ನನ್ನ ಹೆಸರೊಂದನ್ನು ಬಿಟ್ಟು ಎಲ್ಲ ಹೋದ ಮೇಲೆ ಅವರು ಬಟ್ಟೆಯನ್ನು ತಂಬಿಗೆಗೆ ಹಾಕಿದರು. "ಪೆನ್ನ ಕೊಡು," ಎಂದರು.

ಹಜರತಬಿ ಗಾಬರಿಯಾದಳು. "ಈ ಹೊತ್ತಿನ್ಯಾಗ ಬರಿಯೂದೇನ್ರಿ ಅಕ್ಕೋರ? ಆಮ್ಯಾಲ ಒರಸೋರ್ಯಾರು?"

"ಯಾರೂ ಒರಸಬಾರದಂತನ ಬರಿಯಾಕತ್ತೀನಿ. ಕೊಡು."

ಕೊಟ್ಟಳು. ಹತ್ತು ವರ್ಷ ಬರೆಯದ ಕೈ, ಮೊದಲ ಅಕ್ಷರ ಸೊಟ್ಟಗಾಯಿತು. ಆಮೇಲೆ ಸರಿಹೋಯಿತು. ನಾನು ಬಗ್ಗಿ ನೋಡಿದೆ. "ಮುಂದ ನೋಡು," ಎಂದರು. ಮುಂದೆ ಗೋಡೆ ಇತ್ತು. ಗೋಡೆ ನೋಡಿದೆ. ಪೆನ್ನಿನ ಸದ್ದು ಕೇಳುತ್ತಿತ್ತು. ಆಮೇಲೆ ಮಸಿ ಆರಲೆಂದು ಅವರು ಉಫ್ ಎಂದು ಊದಿದ ಸದ್ದು. ಆಮೇಲೆ ಪುಸ್ತಕ ಮುಚ್ಚಿದ ಸದ್ದು.

"ಅಕ್ಕೋರ," ಎಂದಳು ಹಜರತಬಿ. ಇನ್ನೊಮ್ಮೆ, "ಅಕ್ಕೋರ." ನಾಡಿ ಹಿಡಿದು ನೋಡಿ, ನನ್ನ ಕಡೆ ತಿರುಗಿ, "ಇಳೀರಿ ಕಾಕಾ," ಎಂದಳು.

ಗಡಿಯಾರ ನೋಡಿದೆ. ಐದಕ್ಕೆ ಇನ್ನೂ ಹನ್ನೆರಡು ನಿಮಿಷ ಇತ್ತು. ನಾನು ಇಳಿಯಲಿಲ್ಲ.

ಸುದ್ದಿ ತಿಳಿದು ಜನ ಬಂದರು. ಉಳವಪ್ಪ ಬಂದ, ಮಾಸ್ತರರು ಬಂದರು, ನೀಲವ್ವ ಬಂದಳು. ಎಲ್ಲರೂ ಮೊದಲು ಅಕ್ಕೋರನ್ನು ನೋಡಿ ಆಮೇಲೆ ನನ್ನನ್ನು ನೋಡಿದರು. ಏನೆಂದು ಯಾರೂ ಕೇಳಲಿಲ್ಲ. ನಮ್ಮೂರಿನಲ್ಲಿ ಎಲ್ಲರೂ ಅವರ ಶಾಲೆಯಲ್ಲೇ ಕಲಿತವರು, ಬೆಂಚಿನ ಮೇಲೆ ನಿಂತವನನ್ನು ಕಂಡರೆ ಅರ್ಥವಾಗುತ್ತದೆ. ಗಂಟೆ ಹೊಡೆಯಿತು. ಇಳಿದು ಅವರ ಕಾಲು ಮುಟ್ಟಿದೆ.

ಪುಸ್ತಕವನ್ನು ಮೂರನೆಯ ದಿನ ತೆರೆದೆವು. ಅಕ್ಕೋರ ಷರಾ ಹೀಗಿದೆ: "ಮೋನಪ್ಪ ಬಡಿಗೇರ. ಕದಿಯುತ್ತಾನೆ. ತಡವಾಗಿಯಾದರೂ ತಾನೇ ತಂದು ಕೊಡುತ್ತಾನೆ. ಮೇಲಿನ ಇಯತ್ತೆಗೆ ಕಳಿಸಲು ಅಡ್ಡಿಯಿಲ್ಲ." ಕೆಳಗೆ ರುಜು, ತಾರೀಖು.

ಇದನ್ನು ಶಾಲೆಯಲ್ಲಿ ಗಾಜಿನ ಪೆಟ್ಟಿಗೆಯಲ್ಲಿಡಬೇಕೆಂದು ಸಮಿತಿ ತೀರ್ಮಾನಿಸಿತು; ಯಾರೂ ಒರೆಸಬಾರದೆಂದೇ ಅಕ್ಕೋರು ಊರಿಗೆ ಬಿಟ್ಟುಹೋದ ಬರಹ ಇದೊಂದೇ. ಕದಿಯುತ್ತಾನೆ ಎಂಬ ಮಾತಿನ ಮೇಲೆ ಚೀಟಿ ಅಂಟಿಸೋಣವೇ ಎಂದು ಉಳವಪ್ಪ ಸಂಕೋಚದಿಂದ ಕೇಳಿದ. ಚೀಟಿಯ ಮೇಲೂ ಬರುತ್ತದೆ ಎಂದು ನೆನಪಿಸಿದೆ. ಪೆಟ್ಟಿಗೆಯನ್ನು ನಾನೇ ಮಾಡಿದೆ, ಸಾಗವಾನಿಯಲ್ಲಿ. ಓದಲು ಬರುವ ಮಕ್ಕಳೆಲ್ಲ ಮೊದಲು ಅದನ್ನೇ ಓದುತ್ತವೆ. ಸಂತೆಯಲ್ಲಿ ಜನ, "ಮೋನಪ್ಪಾ, ನಮ್ಮನಿ ಉಳಿ ಕಾಣವಲ್ದು, ತಡಾ ಆದರೂ ನಡೀತೈತಿ," ಎನ್ನುತ್ತಾರೆ. ಹೊಸ ಹೆಡ್‌ಮಾಸ್ತರರು ಕಟ್ಟುನಿಟ್ಟಿನ ಮನುಷ್ಯ. ದಾಖಲೆಯಲ್ಲಿ ಇದ್ದ ಮೇಲೆ ಮುಗಿಯಿತು ಎಂದು ಜೂನ್ ತಿಂಗಳಲ್ಲಿ ಐದನೇ ಇಯತ್ತೆಯ ಹಾಜರಿಗೆ ನನ್ನ ಹೆಸರು ಸೇರಿಸಿದ್ದಾರೆ. ಸೋ ಎಂದು ಮಳೆ ಬಂದು ಚಪ್ಪರದಲ್ಲಿ ಕೆಲಸವಿಲ್ಲದ ದಿನ ಹೋಗಿ ಕೊನೆಯ ಸಾಲಿನಲ್ಲಿ ಕೂರುತ್ತೇನೆ. ಮಗ್ಗಿಯಲ್ಲಿ ತೊಂದರೆಯಿಲ್ಲ.

ತಂಬಿಗೆ ಈಗ ನನ್ನ ಹತ್ತಿರ ಇದೆ. ಕರೆ ಬಂದರೆ ನಾನು ಹೋಗಿ ಕೇಳುತ್ತೇನೆ, ಬಾಗಿಲು ಹೊರಲು ಈಗ ಇಬ್ಬರು ಬೇಕಾಗುತ್ತಾರೆ. ಭಾನುವಾರ ಬೆಳಿಗ್ಗೆ ನೀಲವ್ವ ಕೈತಪ್ಪಿ ಒಂದು ಕಪ್ ಚಹಾ ಹೆಚ್ಚು ಮಾಡುತ್ತಾಳೆ. ಬೆಂಚಿನ ಮೇಲೆ ಇಡುತ್ತಾಳೆ, ಆರಿದ ಮೇಲೆ ನಾನೇ ಕುಡಿಯುತ್ತೇನೆ.

ಉಳವಪ್ಪ ಕೊಟ್ಟ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡಿದ್ದೇನೆ, ಹಲಗೆಗೆ ಗುರುತು ಹಾಕಲು ಒಳ್ಳೆಯದು. ಈ ಪುಟಗಳನ್ನು ಮಸಿಯಲ್ಲಿ ಬರೆದಿದ್ದೇನೆ. ನನ್ನ ಸರದಿ ಬಂದಾಗ ಯಾರೋ ತಂಬಿಗೆ ಹಿಡಿದು ಬಂದು, ಏನರ ಒರಸೂದು ಉಳದದೇನ್ರಿ ಎಂದು ಕೇಳುತ್ತಾರೆ, ಕೇಳಬೇಕು, ಅದು ಪದ್ಧತಿ. ಆಗ ಶಾಲೆಗೆ ಹೋಗಿ ನನ್ನ ಈ ಪುಟಗಳಿರುವ ನೆನಪಿನ ಪುಸ್ತಕವನ್ನು ಹೊತ್ತು ತರುವ ಕಷ್ಟ ತೆಗೆದುಕೊಳ್ಳಬೇಡಿ.